ಜಿ ಅಂದರೆ ಗೋಲ್ಡ್

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಇಂದುಧರ ಬೆಳಗ್ಗೆ ಪೂಜೆ ಮುಗಿಸಿದವನೇ ಫೋನು ಹಿಡಿದು ತಾರಸಿಗೆ ಹೋಗುವುದನ್ನು ಹೆಂಡತಿ ಶಾಂತಾದೇವಿ ಮೊದಮೊದಲು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ರೇಟು ವಿಚಾರಿಸುವುದಕ್ಕಿರಬೇಕು ಅಂದುಕೊಂಡಳು. ಒಂದು ದಿನ ಬಟ್ಟೆ ಒಣಹಾಕಲು ಮೇಲೆ ಹೋದಾಗ ನೀರಿನ ಟ್ಯಾಂಕಿನ ಆಚೆಯಿಂದ ಅವನ ದನಿ ಕೇಳಿಸಿತು. ಮಂಡಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗುವ ಗಂಡಸು, ಮಗುವಿಗೆ ತುತ್ತು ತಿನ್ನಿಸುವವರ ಹಾಗೆ ಮೆತ್ತಗೆ ಮಾತಾಡುತ್ತಿದ್ದ.

"ಜಿ... ಜಿ ಹೇಳು. ಅವಸರ ಇಲ್ಲ. ಗೋ... ಹಾಂ, ಗೋಲ್ಡ್! ಭೇಷ್. ಈಗ ಎಸ್. ಸಿ... ಸಿಲ್ವರ್. ನೋಡಿದ್ಯಾ, ಎಲ್ಲಾ ಬರುತ್ತೆ ನಿಂಗೆ."

ಶಾಂತಾದೇವಿ ಒದ್ದೆ ಬಟ್ಟೆಯನ್ನು ಬಕೆಟ್ಟಿಗೇ ಹಾಕಿದಳು. ಚಿನ್ನ, ಬೆಳ್ಳಿ ಎಲ್ಲಾ ಬರುತ್ತೆ ಅಂತೆ! ಯಾರಿಗೆ?

ಆವತ್ತಿನಿಂದ ಅವಳು ಟ್ಯಾಂಕಿನ ಈಚೆ ನಿಂತು ಕಿವಿಗೊಡತೊಡಗಿದಳು. ಒಂದು ದಿನ ಬೇರಿಯಂ ಅನ್ನುತ್ತಿದ್ದ, ಇನ್ನೊಂದು ದಿನ ರೇಡಿಯಂ. ಯಾವುದೋ ಗುಟ್ಟಿನ ಭಾಷೆ ಇದ್ದ ಹಾಗಿತ್ತು. ಸ್ಪೀಕರ್ ಹಾಕಿದ ಫೋನಿನ ಆ ಕಡೆ ಇದ್ದದ್ದು ಮಾತ್ರ ಹೆಂಗಸಿನ ದನಿ.

"ಯಾರು ರೀ ಅದು, ದಿನಾ ಬೆಳಗ್ಗೆ?" ಎಂದು ತಿಂಡಿ ಬಡಿಸುವಾಗ ಕೇಳಿಯೇಬಿಟ್ಟಳು.

"ತಿಪಟೂರು ಪಾರ್ಟಿ ಕಣೇ," ಎಂದ, ತಟ್ಟೆಯಿಂದ ಕಣ್ಣೆತ್ತದೆ.

ಭಾನುವಾರ ಹುಲಿಕೆರೆಗೆ ತೋಟ ನೋಡಲು ಹೋಗುತ್ತೇನೆಂದು ಅವನು ಬೈಕು ಹತ್ತಿದ ಮೇಲೆ ಶಾಂತಾದೇವಿ ಆ ತೋಟ ಕಾಯುವ ಗಿಡ್ಡಯ್ಯನಿಗೆ ಫೋನು ಮಾಡಿದಳು.

"ಯಜಮಾನ್ರಾ? ಈ ಕಡೀಕೆ ಬಂದೇ ಇಲ್ಲ ಕಣವ್ವಾ. ಬಸ್ತಿಹಳ್ಳಿ ತಾವ ಒಂದ್ಮನೆ ಮುಂದೆ ಅವರ ಗಾಡಿ ನಿಂತಿರ್ತೈತೆ. ಭಾನುವಾರ ಬಂತೂಂದ್ರೆ ಅಲ್ಲೇ."

ಅದರ ಮುಂದಿನ ಭಾನುವಾರ ಗಂಡ ಹೊರಟ ಹಿಂದೆಯೇ ಅವಳೂ ಹಳೇಬೀಡಿನ ಬಸ್ಸು ಹತ್ತಿದಳು. ಇಳಿದು, ಆಟೋದಲ್ಲಿ ಪಕ್ಕದ ಬಸ್ತಿಹಳ್ಳಿಗೆ ಬಂದಳು. ಬಸದಿಗೆ ಹೋಗುವ ದಾರಿಯಲ್ಲಿ ಹಸಿರು ಬಣ್ಣದ ಮನೆ, ಮುಂದೆ ಗಂಡನ ಬೈಕು. ಕಾಂಪೌಂಡಿನ ಗೇಟು ತಳ್ಳಿ ಬಾಗಿಲು ಬಡಿದಳು.

ಬಾಗಿಲು ತೆಗೆದವಳು ಉದ್ದ ಜಡೆಯ ಹುಡುಗಿ. "ಶಾಂತಾ ಆಂಟಿ ಅಲ್ವಾ? ಅಂಕಲ್ ಫೋಟೋ ತೋರಿಸಿದ್ರು. ಬನ್ನಿ, ನಾನು ಸ್ವಾತಿ."

ಒಳಗೆ ಇಂದುಧರ ಕುರ್ಚಿಯಿಂದ ದಡಬಡಿಸಿ ಎದ್ದ. ಎದುರಿಗೆ ದಿಂಬಿಗೆ ಒರಗಿ ಅವನದೇ ವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಬಲಗೈ ಮಡಿಲಲ್ಲಿ ಸತ್ತ ಹಾಗೆ ಬಿದ್ದಿತ್ತು.

ಸ್ವಾತಿಯೇ ಎಲ್ಲ ಹೇಳಿದಳು. ಈಕೆ ಅವಳ ತಾಯಿ ಸರ್ವಮಂಗಳಾ, ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಮೇಡಂ ಆಗಿದ್ದವರು. ತಂದೆ ತೀರಿಹೋಗಿದ್ದಾರೆ. ಯುಗಾದಿ ಆದಮೇಲೆ ತಾಯಿಗೆ ಸ್ಟ್ರೋಕ್ ಆಯಿತು. ತಲೆ ನೆಟ್ಟಗಿದೆ, ಮಾತೇ ಸಿಗುವುದಿಲ್ಲ. ಲೋಟ ಅನ್ನಲು ಬಾರದು, ಮಗಳ ಹೆಸರು ಬಾರದು. ಹಾಸನದ ಡಾಕ್ಟರು, ಜೀವಮಾನವೆಲ್ಲ ಆಡಿದ ಮಾತಿನಿಂದಲೇ ಶುರುಮಾಡಿ, ಮೊದಲ ಅಕ್ಷರ ಎತ್ತಿಕೊಡಿ, ಮಿಕ್ಕಿದ್ದು ತಾನಾಗಿ ಬರಬಹುದು ಅಂದರಂತೆ. ಮೂಲವಸ್ತುಗಳ ಹೆಸರುಗಳು ಹಾಗೆ ಬರತೊಡಗಿದವು. "ನಾನು ಕಾಮರ್ಸ್ ಓದಿದೋಳು ಆಂಟಿ, ನನಗೆ ತಲೆಬುಡ ಗೊತ್ತಾಗಲ್ಲ. ಅಂಕಲ್ ಅಮ್ಮನ ಜೊತೆ ಬಿ.ಎಸ್ಸಿ. ಓದಿದೋರು ಅಂತ ಕೇಳ್ಕೊಂಡೆ."

"ತೋರ್ಸು ನೋಡೋಣ ಇವಳಿಗೆ," ಎಂದ ಇಂದುಧರ, ಬದುಕಿದೆಯಾ ಬಡಜೀವವೇ ಅನ್ನುವ ಮುಖ ಮಾಡಿಕೊಂಡು. "ಐ..."

ಸರ್ವಮಂಗಳಾ ಕಣ್ಣು ಮುಚ್ಚಿದಳು. "ಐ... ಐಯೋಡಿನ್. ಇಂಡಿಯಂ." ತುಸು ತಡೆದಳು. "ಇಂದುಧರ."

ಸ್ವಾತಿ ನಕ್ಕಳು. ಇಂದುಧರನೂ ನಕ್ಕ. ಶಾಂತಾದೇವಿ ನಗಲಿಲ್ಲ. ಹೆತ್ತ ಮಗಳ ಹೆಸರು ಬಾರದವಳಿಗೆ ಇವರ ಹೆಸರು ಹೇಗೆ ಬಂತು? ಇಷ್ಟು ದಿನ ಕದ್ದು ಕೇಳಿದ್ದರಿಂದ ಇವರು ಯಾವ ಯಾವ ಅಕ್ಷರ ಹಿಡಿದಿದ್ದರೆಂದು ಅವಳಿಗೆ ಗೊತ್ತಿತ್ತು. ನಿಜವೋ ನಾಟಕವೋ ನೋಡೋಣವೆಂದು ಹಿಡಿಯದಿದ್ದದ್ದನ್ನೇ ಕೇಳಿದಳು.

"ಜ."

"ಜೆ ಇಂದ ಒಂದು ಎಲಿಮೆಂಟೂ ಇಲ್ಲ ಕಣೇ," ಎಂದ ಗಂಡ.

"ಜೆ ಅಲ್ಲ ರೀ. ಜ. ನಮ್ಮ ಜ."

ಸರ್ವಮಂಗಳಾ ಅವಳನ್ನೇ ನೋಡಿದಳು. ತುಟಿ ಅಲುಗಿತು, ಹಣೆಯಲ್ಲಿ ಬೆವರೊಡೆಯಿತು. ಮಾತು ಸಿಗದೇ ಹೋದರೆ ಅನ್ನುವ ದಿಗಿಲು ಆ ಕಣ್ಣಲ್ಲಿತ್ತು. ನಟಿಸುವವರಿಗೆ ಅಂಥ ದಿಗಿಲು ಬರುವುದಿಲ್ಲ. ಶಾಂತಾದೇವಿಗೆ ತಾನು ಕೇಳಬಾರದಿತ್ತು ಅನ್ನಿಸಿತು.

"ಜ... ಜಿಂಕ್," ಎಂದಳು ಸರ್ವಮಂಗಳಾ. "ಜಿರ್ಕೋನಿಯಂ. ಜರ್ಮೇನಿಯಂ." ಆಮೇಲೆ ಎಡಗೈ ಚಾಚಿ, ಪಕ್ಕದಲ್ಲಿ ಕೂತ ಮಗಳ ಕೂದಲು ಹಿಡಿದಳು. "ಜಡೆ."

ಸ್ವಾತಿಗೆ ಅಳು ತಡೆಯಲಾಗಲಿಲ್ಲ. ಸ್ಟ್ರೋಕ್ ಆದಮೇಲೆ ಮನೆಯಲ್ಲಿ ದಿನವೂ ಆಡುವ ಮಾತೊಂದು ಆ ಬಾಯಿಂದ ಬಂದದ್ದು ಅದೇ ಮೊದಲು.

ವಾಪಸು ಬರುವಾಗ ಬೈಕಿನ ಹಿಂದೆ ಕೂತಿದ್ದ ಶಾಂತಾದೇವಿ ಹಳೇಬೀಡಿನ ಕೆರೆ ದಾಟಿದ ಮೇಲೆ ಕೇಳಿದಳು.

"ತಿಪಟೂರು ಪಾರ್ಟಿ ಅಂದ್ರಲ್ಲ, ಯಾಕೆ?"

"ನೀನು ಏನಾದ್ರೂ ಅಂದ್ಕೋತೀಯ ಅಂತ."

"ಅಂದ್ಕೊಳ್ಳೋ ಅಂಥಾದ್ದು ಇತ್ತಾ?"

ಎದುರಿಗೆ ಲಾರಿ ಬಂತು. ಅದಕ್ಕೆ ದಾರಿ ಬಿಟ್ಟ ಮೇಲೆ ಇಂದುಧರ ಕೊಬ್ಬರಿ ರೇಟಿನ ಮಾತು ತೆಗೆದ.

ಆಮೇಲಿನ ಭಾನುವಾರಗಳಲ್ಲಿ ಗಂಡನಿಗಿಂತ ಮುಂಚೆ ಸೀರೆ ಉಟ್ಟು ತಯಾರಾಗುತ್ತಿದ್ದವಳು ಅವಳೇ. ಮೊದಲು ಗಂಡನ ಕಾವಲಿಗೆ ಹೋದಳು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆಮೇಲೆ ಅ ಆ ಇ ಈ ಹಿಡಿದು ಅನ್ನ, ಆರತಿ, ಇಡ್ಲಿ, ಈರುಳ್ಳಿ ಅಂತ ಹೇಳಿಸುವುದರಲ್ಲಿ ಅವಳಿಗೂ ರುಚಿ ಹತ್ತಿತು. ಕೊಬ್ಬರಿ ಸೀಸನ್ನು ಬಂದು ಇಂದುಧರನಿಗೆ ಪುರುಸೊತ್ತಿಲ್ಲದಾಗ ಒಬ್ಬಳೇ ಬಸ್ಸಿನಲ್ಲಿ ಹೋಗಿಬಂದಳು. ದೀಪಾವಳಿ ಹೊತ್ತಿಗೆ ಸರ್ವಮಂಗಳಾ ತಡೆದು ತಡೆದು ಪೂರ್ತಿ ಮಾತು ಜೋಡಿಸುತ್ತಿದ್ದಳು. ಇಂದುಧರನ ಜೊತೆಗಿನ ಕಾಲೇಜಿನ ದಿನಗಳ ಸುದ್ದಿಯೂ ಒಂದೊಂದಾಗಿ ಹೊರಬಂತು.

"ಏನಂದ್ಲು ಇವತ್ತು?" ಎಂದು ಇಂದುಧರ ಪ್ರತಿಸಲ ಕೇಳುತ್ತಾನೆ, ಏನೂ ಕುತೂಹಲ ಇಲ್ಲದವನ ಹಾಗೆ.

"ಚೆನ್ನಾಗಿದಾರೆ," ಅನ್ನುತ್ತಾಳೆ ಶಾಂತಾದೇವಿ. ಅದಕ್ಕಿಂತ ಹೆಚ್ಚು ಇನ್ನೂ ಹೇಳಿಲ್ಲ.