ಜಗಳದ ನಡಿಗೆ

“ನನ್ ಕೈಲಾಗಲ್ಲ ಕಣೇ. ಜೀವ ಹೋಗ್ತಾ ಐತೆ,” ಎಂದು ಶಿವರುದ್ರಮ್ಮ ಗೇಟು ದಾಟಿದ ಕೂಡಲೇ ವಾಕರ್ ಹಿಡಿದು ನಿಂತುಬಿಟ್ಟಳು.

ಹಿಂದೆ ಬರುತ್ತಿದ್ದ ಸೊಸೆ ಕಾವ್ಯಳಿಗೆ ಮೈಯೆಲ್ಲ ಉರಿಯಿತು. ಮಂಡಿ ಆಪರೇಷನ್ ಆಗಿ ಎರಡು ತಿಂಗಳು ಕಳೆದಿತ್ತು. ಅತ್ತೆ ತಾನೇ ಓಡಾಡುವಂತಾಗುವವರೆಗೆ ಸೊಸೆ ಮನೆ ಬಿಟ್ಟು ಕದಲುವ ಹಾಗಿರಲಿಲ್ಲ. ಅವಳು ಕೆಲಸಕ್ಕಿದ್ದ ಹಿರೇಹಳ್ಳಿಯ ಕಾರ್ಖಾನೆಯ ಸೂಪರ್‌ವೈಸರ್ ಮಾತ್ರ, ಸೋಮವಾರ ಬರದಿದ್ದರೆ ನಿನ್ನ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದುಬಿಟ್ಟಿದ್ದ. ಗಂಡ ಚನ್ನೇಶನಿಗೆ ಹೇಳಿದರೆ, “ನಿಮ್ಮಿಬ್ರ ಮಧ್ಯೆ ನನ್ನ ಎಳೀಬೇಡಿ,” ಎಂದು ಬೈಕ್ ಹತ್ತಿ ಹೋಗುತ್ತಿದ್ದ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಜಿಯೋ ಕಾಂತೇಶ್ ಮೊದಲೇ ಹೇಳಿದ್ದ: “ಕಾಲೇನೋ ಸರಿಯಾಗಿದೆ ಮೇಡಂ. ಮನಸ್ಸೆಲ್ಲ ಮಂಡಿ ಮೇಲೇ ಇದ್ರೆ ನಾಕು ಹೆಜ್ಜೆಗೇ ಸುಸ್ತು ಅನ್ಸುತ್ತೆ. ಗಮನ ಬೇರೆ ಕಡೆ ತಿರುಗಿಸಿ, ನಡೀತಾರೆ.” ಕಾವ್ಯ ಮೊಬೈಲಿನಲ್ಲಿ ವಚನ ಹಾಕಿ ನೋಡಿದಳು. ಅದು ಕಿವಿಗೆ ಬಿದ್ದದ್ದೇ ತಡ, ಅತ್ತೆ ವಾಕರ್ ಬಿಟ್ಟು ಕೈಮುಗಿದು, “ಶರಣರ ಮಾತ್ನ ಅಡ್ಡಾಡ್ಕಂಡು ಕೇಳಾದಲ್ಲ. ಕುರ್ಚಿ ತಾ,” ಎಂದಳು. ಅಲ್ಲಿಗೆ ಆ ದಿನದ ನಡಿಗೆ ಮುಗಿಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಜಗಳ. ಒಂದು ಬೆಳಗ್ಗೆ ಅತ್ತೆ, “ಕುಣಿಗಲ್ನೋರಿಗೆ ಕುದ್ರೆ ಸಾಕಾದು ಗೊತ್ತು, ಮನುಷ್ಯರನ್ನ ನೋಡ್ಕಳಾದು ಗೊತ್ತಿಲ್ಲ,” ಎಂದು ಸೊಸೆಯ ತವರಿಗೆ ಕೈಹಾಕಿದಳು. ಸೊಸೆಯೇನು ಬಾಯಿ ಮುಚ್ಚಿಕೊಂಡಿರುವವಳಲ್ಲ. “ಹಾಗಲವಾಡಿಯೋರು ತೊಳಸೋ ಮುದ್ದೇಲಿ ಹಿಟ್ಟಿಗಿಂತ ಗಂಟೇ ಜಾಸ್ತಿ,” ಎಂದು ಅತ್ತೆಯ ತವರನ್ನೂ ಎಳೆದಳು. ಬೈದಾಡಿಕೊಂಡೇ ಇಬ್ಬರೂ ಕರೆಂಟ್ ಕಂಬದವರೆಗೆ ಹೋಗಿ ಬಂದರು. ಅತ್ತೆಗೆ ಮಂಡಿಯ ನೆನಪಾದದ್ದು ಮನೆಯೊಳಗೆ ಬಂದು ಕೂತ ಮೇಲೆ. ಅಂದಿನಿಂದ ಕಾವ್ಯ ದಿನಕ್ಕೊಂದು ಜಗಳ ಹುಡುಕತೊಡಗಿದಳು. ಮದ್ದು ಎಂದುಕೊಂಡು ಶುರುಮಾಡಿದ್ದೇನೋ ನಿಜ, ಬರಬರುತ್ತ ಅದರ ರುಚಿ ಅವಳ ನಾಲಿಗೆಗೂ ಹತ್ತಿತು. ಉಪ್ಪಾರಹಳ್ಳಿಯ ಆ ಬೀದಿಯವರು ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಕಾಂಪೌಂಡಿನಾಚೆ ನಗುತ್ತಿದ್ದರು. ನಗಲಿ, ಅವರ ಮನೆಗಳಲ್ಲೇನು ಅತ್ತೆಯರಿಲ್ಲವೇ.

ಇವತ್ತು ಶನಿವಾರ. ಮುದ್ದೆ, ಕುದುರೆಯ ಜಗಳಗಳೆಲ್ಲ ಹಳಸಿಹೋಗಿದ್ದವು. ಮೇನ್ ರೋಡಿನವರೆಗೆ ಹೋಗಿ ಬಂದರೆ ಇನ್ನು ಅವರನ್ನು ಒಬ್ಬರನ್ನೇ ಬಿಡಬಹುದು ಎಂದಿದ್ದ ಕಾಂತೇಶ್. ಅತ್ತೆ ನೋಡಿದರೆ ಗೇಟಿನಲ್ಲೇ ಬೇರು ಬಿಟ್ಟಿದ್ದಾಳೆ.

“ನಿಮ್ಮಣ್ಣ ಒಂದ್ಸಲನಾದ್ರೂ ಬಂದು ಮುಖ ನೋಡಿದ್ರಾ?” ಎಂದಳು ಕಾವ್ಯ. “ಅಣ್ಣಯ್ಯ ಅಣ್ಣಯ್ಯ ಅಂತ ಬಡ್ಕೋತೀರಲ್ಲ, ನೀವು ಬದ್ಕಿದೀರೋ ಇಲ್ವೋ ಅಂತ ಕೇಳಕ್ಕೂ ಅವ್ರಿಗೆ ಪುರುಸೊತ್ತಿಲ್ಲ.”

ಇದು ಶುದ್ಧ ಸುಳ್ಳು. ಹಾಗಲವಾಡಿಯ ಗಂಗಣ್ಣ ಅವಳ ಮೊಬೈಲಿಗೆ ಎಷ್ಟೋ ಸಲ ಫೋನ್ ಮಾಡಿದ್ದ. ತಂಗಿಯನ್ನು ನೋಡಲು ಬರುತ್ತೇನೆ ಎಂದವನನ್ನು, ನಂಜಾಗುತ್ತೆ, ಡಾಕ್ಟರು ಯಾರೂ ಬರಬಾರದು ಅಂದಿದ್ದಾರೆ ಎಂದು ಇವಳೇ ತಡೆದಿದ್ದಳು. ಬಂದವರಿಗೆ ಬೇಯಿಸಿ ಹಾಕಲು ಬೇಸರ, ಅಷ್ಟೇ. ಸ್ವಂತ ಫೋನಿಲ್ಲದ ಅತ್ತೆ, ಅವನೇ ಮೊದಲು ಮಾಡಲಿ ಎಂದು ಹಟ ಹಿಡಿದು ಕೂತಿದ್ದಳು.

ಶಿವರುದ್ರಮ್ಮ ತಿರುಗಿ ಬೈಯಲಿಲ್ಲ. “ಅಣ್ಣಯ್ಯ ಅಂಥೋನಲ್ಲ,” ಎಂದು ವಾಕರ್ ಎತ್ತಿ ಮುಂದಿಟ್ಟಳು. “ಬರ್ಲಿಲ್ಲ ಅಂದ್ರೆ ಅವನಿಗೇ ಏನೋ ಆಗೈತೆ. ನಂಗೆ ಯಾರೂ ಹೇಳ್ತಿಲ್ಲ.” ಕರೆಂಟ್ ಕಂಬ ಬಂತು, ಹಿಂದಕ್ಕೂ ಹೋಯಿತು. ಮುದುಕಿ ಉಸಿರಿಗೂ ನಿಲ್ಲಲಿಲ್ಲ. ಸೋಮವಾರ ಕೆಲಸಕ್ಕೆ ಹೋದ ಹಾಗೆಯೇ ಎಂದು ಕಾವ್ಯ ಒಳಗೊಳಗೇ ಹಿಗ್ಗಿದಳು.

ಮೇನ್ ರೋಡಿಗೆ ಬಂದದ್ದೇ ಅತ್ತೆ ಆಟೋಗೆ ಕೈ ಅಡ್ಡ ಹಾಕಿದಳು. “ಬಸ್ ಸ್ಟ್ಯಾಂಡಿಗೆ ಬಿಡಪ್ಪ. ಗುಬ್ಬಿ ಬಸ್ ಹತ್ಬೇಕು.”

“ಅತ್ತೆ, ಎಲ್ಲಿಗೆ?”

“ಅಣ್ಣಯ್ಯನ್ನ ನೋಡಕ್ಕೆ. ಸಾಯೋ ಕಾಲಕ್ಕೂ ನಾನು ಬರ್ಲಿಲ್ಲ ಅಂತ ಆಗ್ಬಾರ್ದು.”

ಆಟೋದವನು ಕಾಯುತ್ತಿದ್ದ. ಕಾವ್ಯ ವಾಕರ್‌ಗೆ ಅಡ್ಡ ನಿಂತಳು. “ಅವ್ರಿಗೇನೂ ಆಗಿಲ್ಲ,” ಎಂದಳು ಕೊನೆಗೆ. “ಫೋನ್ ಮಾಡ್ತಾನೇ ಇದ್ರು. ನಾನೇ ಬರ್ಬೇಡಿ ಅಂದೆ.”

ಶಿವರುದ್ರಮ್ಮ ಅವಳ ಮುಖವನ್ನೇ ನೋಡಿದಳು. ಅದುವರೆಗೆ ಸುಮ್ಮನಿದ್ದ ಮಂಡಿ ಆಗ ನಡುಗಲು ಶುರುವಾಯಿತು. ಹಿಡಿಯಲು ಹೋದ ಸೊಸೆಗೆ, “ಮುಟ್ಬೇಡ,” ಎಂದಳು.

“ಇದೇ ಆಟೋಲಿ ಮನೆಗೆ ಹೋಗೋಣ ಅತ್ತೆ.”

“ಬ್ಯಾಡ. ನೀನೋಗಪ್ಪ,” ಎಂದು ಅತ್ತೆ ಆಟೋದವನನ್ನು ಕಳಿಸಿದಳು.

ಇಬ್ಬರೂ ವಾಪಸು ಹೊರಟರು. ಅತ್ತೆ ತುಟಿ ಕಚ್ಚಿ ವಾಕರ್ ಊರುತ್ತಿದ್ದಳು, ನಿಲ್ಲುತ್ತಿದ್ದಳು, ಮತ್ತೆ ಊರುತ್ತಿದ್ದಳು. ಬೆವರು ಕತ್ತಿನಿಂದ ಇಳಿದು ರವಿಕೆ ನೆನೆದಿತ್ತು. ಸಹಿಸಲಾಗದೆ ಕಾವ್ಯ, “ಏನಾದ್ರೂ ಅನ್ನಿ ಅತ್ತೆ. ಬೈಯಿರಿ, ಗೊತ್ತಾಗಲ್ಲ ನೋವು,” ಎಂದಳು. ಶಿವರುದ್ರಮ್ಮ ಅನ್ನಲಿಲ್ಲ. ದಿನವೂ ಓಡಾಡುವ ಬೀದಿ, ಕಾವ್ಯಳಿಗೆ ಎಷ್ಟು ನಡೆದರೂ ಸವೆಯಲೊಲ್ಲದು.

ಗೇಟಿನಲ್ಲಿ ಅತ್ತೆ ಕೈ ಚಾಚಿದಳು. “ಅಣ್ಣಯ್ಯನ ನಂಬರ್ ಹಾಕಿ ಫೋನ್ ಕೊಡು.” ಕೊಟ್ಟಳು. “ಸೋಮವಾರ ಕೆಲಸಕ್ಕೋಗು. ನಿನ್ ಬಾಯಿ ಇಲ್ದೇನೂ ನಡೀತೀನಿ ನಾನು.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾವ್ಯ ಮೆಟ್ಟಿಲ ಮೇಲೆ ಕುಸಿದಳು. ಮೀನಖಂಡ ಸೆಳೆಯುತ್ತಿತ್ತು. ಬಾಗಿಲಾಚೆ, “ಅಣ್ಣಯ್ಯಾ, ನಾನು ಕಣೋ,” ಎಂಬ ದನಿ ಕೇಳಿತು. ಆ ಫೋನಿನ ಮಾತುಕತೆ ಮುಗಿಯುವವರೆಗೂ ಅವಳಿಗೆ ಎದ್ದು ನಿಲ್ಲಲಾಗಲಿಲ್ಲ.