ಸಾಧುವಿನ ಹೊಟ್ಟೆಯೊಳಗಿನ ವಿಷ

ಆಸ್ಪತ್ರೆಯ ಲ್ಯಾಬಿನಲ್ಲಿ ಮಲಪರೀಕ್ಷೆಗೆ ಒಂದು ಸಲೀಸು ಲೆಕ್ಕವಿತ್ತು. ತಟ್ಟೆಯ ಮೇಲೆ ಬೆಳೆದ ಬ್ಯಾಕ್ಟೀರಿಯಾ ಬಿಳಿಚಿಕೊಂಡಿದ್ದರೆ ಅದು ಕೇಡಿ, ವಿಷದ ಪರೀಕ್ಷೆ ಆಗಲೇಬೇಕು. ಗುಲಾಬಿಯಾಗಿದ್ದರೆ ಸಾಧು. 'ರೋಗಾಣು ಇಲ್ಲ' ಎಂದು ಸಹಿ ಹಾಕಿ ತಟ್ಟೆಯನ್ನು ಕಸದ ಡಬ್ಬಿಗೆ ಹಾಕಿದರೆ ಮುಗಿಯಿತು. ಅಲ್ಲಿನ ಟೆಕ್ನಿಷಿಯನ್ ಆಗಿ ಹನ್ನೊಂದು ವರ್ಷದಿಂದ ಅವಳು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ. ಇಂದು ಅಣ್ಣನ ಆರು ವರ್ಷದ ಮಗಳ ವರದಿಗೂ ಹಾಗೆಯೇ ಸಹಿ ಹಾಕಿದ್ದಳು.

ಹಾಕಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮಗುವಿಗೆ ರಕ್ತಭೇದಿ, ತಟ್ಟೆ ಮಾತ್ರ ತನಗೇನೂ ಗೊತ್ತಿಲ್ಲವೆನ್ನುವಂತೆ ಗುಲಾಬಿ. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

"ಯಾಕಮ್ಮಾ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದರು ಪಕ್ಕದ ಮೇಜಿನ ಹಿರಿಯರು.

ಅಷ್ಟರಲ್ಲಿ ಅತ್ತಿಗೆಯ ಫೋನು. "ನಿನ್ನ ರಿಪೋರ್ಟ್ ಬಂತಂತೆ. ವಿಷ ಇಲ್ಲ ಅಂತ ಗೊತ್ತಾಗ್ಲಿ ಅಂತ ಡಾಕ್ಟ್ರು ಕಾಯ್ತಿದ್ರು. ಈಗ ಆಂಟಿಬಯೋಟಿಕ್ ಶುರು ಮಾಡ್ತಾರೆ. ನೀನೇ ನೋಡಿದ್ದೀಯಲ್ಲ, ಅದೇ ಧೈರ್ಯ."

ಅವಳು ವಿಷ ನೋಡಿಯೇ ಇರಲಿಲ್ಲ, ಬಣ್ಣ ನೋಡಿದ್ದಳು.

ಡಬ್ಬಿಗೆ ಕೈ ಹಾಕಿದಳು.

"ಬಿಸಾಕಿದ್ದನ್ನ ತೆಗೀಬಾರ್ದು, ರೂಲ್ ಗೊತ್ತಿಲ್ವಾ?"

"ರೂಲ್ ಮನೆ ಹಾಳಾಗ!"

ತಟ್ಟೆಯ ಬ್ಯಾಕ್ಟೀರಿಯಾವನ್ನು ಕದಡಿ ವಿಷ ಪತ್ತೆಹಚ್ಚುವ ಪಟ್ಟಿಗೆ ಹಾಕಿದಳು. ಗೆರೆ ಮೂಡಲು ಹತ್ತು ನಿಮಿಷ. ಕೊನೆಗೆ ಎರಡು ಗೆರೆ ಮೂಡಿದವು. ವಿಷವಿದೆ.

"ಸಾಧುಗೆ ಎಲ್ಲಿಂದ ಬಂತು ಇದು?" ಹಿರಿಯರ ಮುಖ ಇಂಗು ತಿಂದ ಮಂಗನಂತಾಗಿತ್ತು.

"ಕೇಡಿ ಮೈಯಿಂದ ಯಾವ್ದೋ ವೈರಸ್ ವಿಷದ ಜೀನ್ ಹೊತ್ಕೊಂಡು ಬಂದು ಇದಕ್ಕೆ ಅಂಟಿಸಿದೆ ಸಾರ್. ಓದಿದ್ದೆ. ನಮ್ಮ ಬಾಗಿಲಿಗೇ ಬರುತ್ತೆ ಅಂದ್ಕೊಂಡಿರ್ಲಿಲ್ಲ."

ಈಗ ಔಷಧಿ ಕೊಟ್ಟರೆ ಸಾಯುವ ಬ್ಯಾಕ್ಟೀರಿಯಾ ಇದ್ದಬದ್ದ ವಿಷವನ್ನೆಲ್ಲ ಕಾರಿಕೊಳ್ಳಬಹುದು. ಪೆಟ್ಟು ಬೀಳುವುದು ಮಗುವಿನ ಕಿಡ್ನಿಗೆ. ವಾರ್ಡಿನ ಫೋನು ಯಾರೂ ಎತ್ತಲಿಲ್ಲ. ಅವಳು ಎದ್ದೆನೋ ಬಿದ್ದೆನೋ ಎಂದು ಮೂರು ಮಹಡಿ ಹತ್ತಿದಳು.

ನರ್ಸ್ ಸಿರಿಂಜಿಗೆ ಔಷಧಿ ಎಳೆದುಕೊಂಡು ಮಗುವಿನ ಕೈ ಹಿಡಿದಿದ್ದಳು.

"ಕೊಡಬೇಡಿ! ನನ್ನ ರಿಪೋರ್ಟ್ ತಪ್ಪು!"

ಸಿರಿಂಜು ಟ್ರೇಗೆ ಮರಳಿತು. ಅತ್ತಿಗೆ ಅವಳ ಎರಡೂ ಕೈ ಹಿಡಿದು ಅತ್ತೇಬಿಟ್ಟಳು. "ನೀನಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೇ!"

"ಅತ್ತೆ, ಸೂಜಿ ಬೇಡ್ವಾ?" ಎಂದಿತು ಮಗು.

"ಬೇಡ ಪುಟ್ಟಾ."

ಜೀವ ಬಂದಂತಾಗಿ ಅವಳು ಮಂಚದ ಅಂಚಿನಲ್ಲಿ ಕೂತಳು. ಪಕ್ಕದ ಮಂಚದಿಂದ ಒಬ್ಬಾತ ಎದ್ದು ಬಂದು ಮಡಿಸಿದ ಕಾಗದ ಚಾಚಿದ.

"ಮೇಡಂ, ನಮ್ಮ ಹುಡುಗನಿಗೂ ಇದೇ ಭೇದಿ. ನಿನ್ನೆ ಬಂದ ರಿಪೋರ್ಟು. ಇದನ್ನೂ ನೀವೇ ನೋಡಿದ್ದಾ?"

ಕೆಳಗೆ ಅವಳದೇ ಸಹಿ. ನಿನ್ನೆ ಅದನ್ನು ಹಾಕಿ ಅವಳು ಹೊಟ್ಟೆ ತುಂಬ ಊಟ ಮಾಡಿದ್ದಳು. ಹುಡುಗನ ಕೈಯಲ್ಲಿ ಡ್ರಿಪ್ಪಿನ ಸೂಜಿಯಿತ್ತು.

"ಆಂಟಿಬಯೋಟಿಕ್ ಎಷ್ಟು ಸಲ ಕೊಟ್ಟಿದ್ದಾರೆ?" ಅವಳು ಕೇಳಿದಳು.

"ಮೂರು ಸಲ. ಭೇದಿ ಕಮ್ಮಿ ಆಯ್ತು ಮೇಡಂ. ಬೆಳಿಗ್ಗೆಯಿಂದ ಉಚ್ಚೆ ಒಂದು ಹೋಗಿಲ್ಲ, ಅಷ್ಟೇ."