ಮೂರು ಪಟ್ಟಿ ಯಾಕೆ ಬಿಚ್ಚಿಕೊಂಡವು

ಬಾಲಾನಗರದ ವರ್ಕ್‌ಶಾಪಿನಲ್ಲಿ ಭಾರ ಹೇರುವ ಯಂತ್ರದಡಿ ಇಟ್ಟ ಮೂರನೆಯ ಪಟ್ಟಿಯೂ ಬಾಯಿಬಿಟ್ಟಿತು. ಮುರಿದಿದ್ದರೆ ಬೇಜಾರಾಗುತ್ತಿರಲಿಲ್ಲ. ಪದರ ಪದರವಾಗಿ ಬಿಚ್ಚಿಕೊಂಡಿತು, ಉಬ್ಬಿದ ಚಪಾತಿಯ ಹಾಗೆ.

ಎರಡು ಅಲ್ಯೂಮಿನಿಯಂ ತಗಡಿನ ನಡುವೆ ಪುಂಡಿ ನಾರು, ಅಂಟಿಗೆ ಎಪಾಕ್ಸಿ. ನನ್ನ ಎಂ.ಟೆಕ್. ಪ್ರಬಂಧವೆಂದರೆ ಇಷ್ಟೇ. ಸೋಮವಾರದ ಪಟ್ಟಿ ಒಂಬೈನೂರು ನ್ಯೂಟನ್ ಹೊತ್ತಿತ್ತು. ಅದೇ ತಗಡು, ಅದೇ ಅಂಟು, ಅದೇ ನಾರು. ಬುಧವಾರದ ಮೂರೂ ಮುನ್ನೂರಕ್ಕೇ ಸುಸ್ತು.

“ಬಸು, ಶುಕ್ರವಾರದೊಳಗ ಮೂರು ಪಟ್ಟಿ ಒಂಬೈನೂರರ ಆಸುಪಾಸು ಹೊರಬೇಕು,” ಎಂದರು ನನ್ನ ಗೈಡ್ ಆನಂದಕುಮಾರ ಸರ್, ಮೂಗುದನಿಯಲ್ಲೇ. “ಇಲ್ಲಾಂದ್ರ ಡಿಗ್ರಿ ಮುಂದಿನ ವರ್ಷ.”

ನನ್ನ ಗೆಳೆಯರೆಲ್ಲ ಆಗಲೇ ಅಮೀರ್‌ಪೇಟೆಯಲ್ಲಿ ಜಾವಾ ಕಲಿಯುತ್ತಿದ್ದರು. ಅಲ್ಲಿ ತಪ್ಪಾದರೆ ಕಂಪ್ಯೂಟರೇ ಯಾವ ಸಾಲಿನಲ್ಲಿ ಎಂದು ಹೇಳುತ್ತದಂತೆ. ನನ್ನ ತಗಡು ಏನೂ ಹೇಳಲೊಲ್ಲದು. ಬಸ್ಸಿನಲ್ಲಿ ಸರ್ ಮೂಗುದನಿಯನ್ನೇ ಅನುಕರಿಸಿ “ಯಾಕ? ಯಾಕ?” ಎಂದು ಪಟ್ಟಿಯನ್ನು ಕೇಳಿದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಬೇಗಂಪೇಟೆಯಲ್ಲಿ ಕಟ್ಟುತ್ತಿದ್ದ ಆಫೀಸೊಂದರ ಪಕ್ಕದ ಶೆಡ್ಡಿನಲ್ಲಿ ಗದಿಗೆಮ್ಮ, ಸಾಬಣ್ಣ ಇದ್ದರು. ಯಾದಗಿರಿ ಕಡೆಯಿಂದ ಕೂಲಿಗೆ ಬಂದ ಗಂಡಹೆಂಡತಿ. ನನಗೆ ಎರಡು ಕಟ್ಟು ನಾರು ಕೊಟ್ಟವರು ಅವರೇ; ಅವರನ್ನೇ ಕೇಳೋಣವೆಂದು ಇಳಿದು ಹೋದೆ. ಗದಿಗೆಮ್ಮ ಹಗ್ಗ ಹೊಸೆಯುತ್ತಿದ್ದಳು. ನಡುನಡುವೆ ಒಂದು ಡಬ್ಬಿಯೊಳಗೆ ಬೆರಳದ್ದಿ ನಾರಿಗೆ ಸವರುತ್ತಿದ್ದಳು.

“ಅಕ್ಕಾ, ಅದೇನು?”

“ಔಡಲ ಎಣ್ಣಿ.” ಅಂದರೆ ಹರಳೆಣ್ಣೆ.

“ನನಗ ಕೊಟ್ಟಿದ್ದಕ್ಕೂ ಹಚ್ಚಿದ್ರೇನು?”

“ಮತ್ತ! ಒಣ ನಾರು ಕೈ ಕೊಯ್ತೈತಿ. ಓದೋ ಹುಡುಗ ಅಂತ ನಿಂದಕ್ಕ ಎರಡು ಸಲ ಹಚ್ಚೀನಿ.”

“ಎರಡೂ ಕಟ್ಟಿಗೆ?”

“ಒಂದು ನಂದು. ಇನ್ನೊಂದು ಆ ಮೈಗಳ್ಳಂದು.”

ಮಲಗಿದ್ದ ಸಾಬಣ್ಣ ಎದ್ದು ಕುಳಿತ. “ನಾ ಬರೇ ನೀರಾಗ ತೊಳದು ಬಿಸಲಿಗೆ ಒಗದಿದ್ನಿ. ಯಾಕ?”

ಸೋಮವಾರದ್ದು ಅವನ ಕಟ್ಟು. ಬುಧವಾರದ್ದು ಇವಳದು. ಎಣ್ಣೆ ಕುಡಿದ ನಾರನ್ನು ಅಂಟು ಹಿಡಿದಿರಲಿಲ್ಲ. ಅದನ್ನೇ ಹೇಳಿದೆ. ಹೇಳಬಾರದಿತ್ತೇನೋ.

“ಕೇಳ್ದೇನು?” ಸಾಬಣ್ಣ ಮೀಸೆ ತಿರುವಿದ. “ಕಾಲೇಜಿನ ಮಷೀನಾ ಹೇಳೈತಿ, ನಂದಾ ಗಟ್ಟಿ!”

“ಸುಮ್ನ ಬೀಳು.” ಗದಿಗೆಮ್ಮ ನನ್ನ ಕಡೆ ತಿರುಗಿದಳು. “ಹಗ್ಗಕ್ಕ ಅಂಟ್ಯಾಕೋ ತಮ್ಮಾ?”

“ಇದು ಹಗ್ಗ ಅಲ್ಲಕ್ಕಾ.”

“ಮತ್ತೇನು?”

ಬಿಚ್ಚಿಕೊಂಡ ಪಟ್ಟಿ ತೆಗೆದು ತೋರಿಸಿದೆ. ಅವಳು ಒಳಗಿನ ನಾರನ್ನು ಉಗುರಿನಿಂದ ಮೀಟಿದಳು. “ನೋಡು, ಒಂದು ಎಳೀನೂ ಹರಿದಿಲ್ಲ. ಬಾಯಿ ಬಿಟ್ಟಿದ್ದು ನಿನ್ನ ತಗಡು. ದೂರು ನನ್ನ ಮ್ಯಾಲ.”

ಅದೂ ನಿಜವೇ. ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡೆ.

“ಅಕ್ಕಾ, ಇನ್ನೊಂದು ಕಟ್ಟು ಬೇಕು. ಎಣ್ಣೆ ಇಲ್ಲದ್ದು.”

ಅವಳು ಎಣ್ಣೆ ಡಬ್ಬಿಯನ್ನು ಅತ್ತ ಸರಿಸಿದಳು. ಹೊಸ ನಾರನ್ನು ಬರಿಗೈಯಲ್ಲೇ ಸೀಳಿ, ಎಳೆ ಬಿಡಿಸಿ, ಕಟ್ಟಿ ಎಸೆದಳು. ಅಂಗೈಯಲ್ಲಿ ಸಣ್ಣ ಕೆಂಪು ಗೆರೆಗಳು ಎದ್ದಿದ್ದವು. ಸಾಬಣ್ಣನ ಕೈ ಮೀಸೆಯಿಂದ ಕೆಳಗಿಳಿಯಿತು.

ಶುಕ್ರವಾರ ಸಂಜೆ ಹೊಸ ಪಟ್ಟಿಗಳೆರಡು ಎಂಟುನೂರ ಎಂಬತ್ತು, ಒಂಬೈನೂರ ಹತ್ತು ಹೊತ್ತವು. ಸೋಮವಾರದ್ದೂ ಸೇರಿ ಮೂರಾದವು. ಸರ್ ಸಹಿ ಹಾಕಲು ಪೆನ್ನು ತೆಗೆದು ತಡೆದರು.

“ಆ ಮೂರು ಯಾಕ ಬಿಚ್ಚಿದ್ವು? ಅದನ್ನೂ ಬರಿ.”

“ನಾರಿಗೆ ಎಣ್ಣೆ ಹಚ್ಚಿತ್ತು ಸರ್.”

“ಎಣ್ಣಿ ಯಾಕ ಹಚ್ಚಿದ್ರಿ?”

“ಕೈ ಕೊಯ್ಯಬಾರದು ಅಂತ.”

“ಯಾರ ಕೈ?”

“ನಂದು ಸರ್.”

ಸರ್ ನನ್ನ ಕೈ ನೋಡಿದರು. ಒಂದು ಗೀರೂ ಇರಲಿಲ್ಲ. ಇದನ್ನು ಯಾವ ಕೋಷ್ಟಕದಲ್ಲಿ ಬರೆಯಬೇಕೆಂದು ಅವರಿಗೂ ತಿಳಿಯಲಿಲ್ಲ. ಸಹಿ ಹಾಕಿದರು.